ಕಾರ್ಬೊನೈಲ್ ಒಂದೇ, ಕ್ರಿಯೆಗಳು ಬೇರೆ ಏಕೆ?

ಪ್ರಶ್ನೆ: ನಾನು ಪದವಿ ತರಗತಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ಆಲ್ಡಿಹೈಡ್, ಕೀಟೋನ್, ಕಾರ್ಬಾಕ್ಸಿಲಿಕ್ ಆಮ್ಲಗಳ ಹೆಸರುಳ್ಳ ಕ್ರಿಯೆಗಳನ್ನೆಲ್ಲ ಪಟ್ಟಿಮಾಡಿ ಬಾಯಿಪಾಠ ಮಾಡಿದ್ದರೂ ಪ್ರಯೋಗಾಲಯದಲ್ಲಿ ಮೇಲಿಂದ ಮೇಲೆ ಎಡವುತ್ತಿದ್ದೇನೆ. ಒಂದು ಮಾದರಿ ಟಾಲೆನ್ಸ್ ಪರೀಕ್ಷೆಯಲ್ಲಿ (ಅಮೋನಿಯಾಯುಕ್ತ ಬೆಳ್ಳಿಯ ದ್ರಾವಣದೊಂದಿಗೆ) ಬೆಳ್ಳಿಯ ಕನ್ನಡಿ ಕೊಟ್ಟಿತೆಂದು ಆಲ್ಡಿಹೈಡ್ ಎಂದು ಬರೆದೆ. ಅದು ಫಾರ್ಮಿಕ್ ಆಮ್ಲವಾಗಿತ್ತು. ಇನ್ನೊಂದು ತಾಮ್ರದ ಅಯಾನುಗಳಿರುವ ಫೆಹ್ಲಿಂಗ್ ದ್ರಾವಣದ ಪರೀಕ್ಷೆಗೆ ಸ್ಪಂದಿಸಲಿಲ್ಲವೆಂದು ಕೀಟೋನ್ ಎಂದೆ, ಅದು ಬೆಂಜಾಲ್ಡಿಹೈಡ್. ಕೀಟೋನ್ ಗುಂಪಿರುವ ಫ್ರಕ್ಟೋಸ್ ಬೆಳ್ಳಿಯ ಕನ್ನಡಿ ಕೊಡುತ್ತದೆ, ಕಾರ್ಬೊನೈಲ್ ಇರುವ ಅಸಿಟಿಕ್ ಆಮ್ಲ 2,4-ಡಿಎನ್‌ಪಿ (ಡೈನೈಟ್ರೊಫಿನೈಲ್‌ಹೈಡ್ರಜೀನ್) ಪರೀಕ್ಷೆಗಾಗಲಿ ಅಯೊಡೋಫಾರ್ಮ್ ಪರೀಕ್ಷೆಗಾಗಲಿ ಒಗ್ಗುವುದಿಲ್ಲ. ಹಾಗಾದರೆ ಈ ಪರೀಕ್ಷೆಗಳನ್ನು ನಂಬಬಹುದೇ? ಮಾಡಿಟ್ಟ ಟಾಲೆನ್ಸ್ ಕಾರಕವನ್ನು ಮರುದಿನಕ್ಕೆ ಉಳಿಸಿಕೊಳ್ಳಬಹುದೇ? ನನ್ನ ಪ್ರಾಜೆಕ್ಟಿನಲ್ಲಿ 4-ಆಕ್ಸೊ-4-ಫಿನೈಲ್‌ಬ್ಯುಟನೋಯಿಕ್ ಆಮ್ಲವಿದೆ. ಅದರ ಕೀಟೋನನ್ನು ಮಾತ್ರ, ಅಥವಾ ಆಮ್ಲವನ್ನು ಮಾತ್ರ ಅಪಕರ್ಷಿಸಲು ಯಾವ ದಾರಿ ಹಿಡಿಯಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಗೊಂದಲ ಒಂದೇ. ಇಂಗಾಲ ಮತ್ತು ಆಮ್ಲಜನಕದ ನಡುವಿನ ದ್ವಿಬಂಧವನ್ನು, ಅಂದರೆ ಕಾರ್ಬೊನೈಲನ್ನು, ಕಂಡ ಕೂಡಲೇ ಅದು ಎಲ್ಲ ಅಣುಗಳಲ್ಲೂ ಒಂದೇ ರೀತಿ ವರ್ತಿಸಬೇಕೆಂದು ನೀವು ನಿರೀಕ್ಷಿಸುತ್ತಿದ್ದೀರಿ. ಪರೀಕ್ಷೆಗಳು ನಂಬಿಕೆಗೆ ಅರ್ಹವಾಗಿಯೇ ಇವೆ. ಆದರೆ ಅವು ‘ಇದು ಆಲ್ಡಿಹೈಡೇ?’ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಬೆಳ್ಳಿಯ ಕನ್ನಡಿ ಹೇಳುವುದು ಮಾದರಿ ಸುಲಭವಾಗಿ ಉತ್ಕರ್ಷಣಗೊಂಡಿತು ಎಂಬುದನ್ನು ಮಾತ್ರ. ಅಲ್ಲಿಂದ ಆಲ್ಡಿಹೈಡ್ ಎಂಬ ತೀರ್ಮಾನಕ್ಕೆ ಹೋಗುವುದು ನಾವು, ಪ್ರನಾಳವಲ್ಲ.

ಕಾರ್ಬೊನೈಲಿನಲ್ಲಿ ಆಮ್ಲಜನಕವು ಇಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಇಂಗಾಲದ ಮೇಲೆ ಅಲ್ಪ ಧನ ಆವೇಶ ಉಳಿಯುತ್ತದೆ, ಇಲೆಕ್ಟ್ರಾನ್ ಜೋಡಿಯುಳ್ಳ ನ್ಯೂಕ್ಲಿಯೊಫೈಲುಗಳು ಅಲ್ಲಿಗೆ ಬಂದು ಸೇರುತ್ತವೆ. ಇಷ್ಟು ಮೂರೂ ವರ್ಗಗಳಿಗೆ ಸಮಾನ. ಬೇರೆಯಾಗುವುದು ಆ ಇಂಗಾಲದ ಎರಡು ಪಕ್ಕಗಳಲ್ಲಿ ಏನಿದೆ ಎಂಬುದರಿಂದ. ಆಲ್ಡಿಹೈಡಿನಲ್ಲಿ ಒಂದು ಕಡೆಯಾದರೂ ಹೈಡ್ರೋಜನ್ ಇರುತ್ತದೆ, ಕೀಟೋನಿನಲ್ಲಿ ಎರಡೂ ಕಡೆ ಇಂಗಾಲ, ಆಮ್ಲದಲ್ಲಿ ಒಂದು ಕಡೆ ಹೈಡ್ರಾಕ್ಸಿಲ್. ಆದ್ದರಿಂದ ಯಾವುದೇ ಕ್ರಿಯೆಯ ಮುಂದೆ ನಿಂತಾಗ ನಾನು ವಿದ್ಯಾರ್ಥಿಗಳಿಗೆ ಕೇಳಿಕೊಳ್ಳಲು ಹೇಳುವುದು ಮೂರು ಸಂಗತಿಗಳನ್ನು. ಪಕ್ಕದ ಗುಂಪು ಕಾರ್ಬೊನೈಲಿಗೆ ಇಲೆಕ್ಟ್ರಾನ್ ಕೊಡುತ್ತದೆಯೇ? ನ್ಯೂಕ್ಲಿಯೊಫೈಲ್ ಬಂದು ಸೇರಿದ ಮೇಲೆ ಆ ಗುಂಪು ಬಿಟ್ಟುಹೋಗಬಲ್ಲದೇ? ಇವೆರಡಕ್ಕೂ ಮೊದಲು ಕಾರಕವು ಕಸಿದುಕೊಳ್ಳಬಹುದಾದ ಆಮ್ಲೀಯ ಹೈಡ್ರೋಜನ್ ಅಣುವಿನಲ್ಲಿ ಎಲ್ಲಾದರೂ ಇದೆಯೇ?

ಮೊದಲ ಪ್ರಶ್ನೆಯ ಪರಿಣಾಮ ಎಷ್ಟೆಂಬುದನ್ನು ನೀರಿನ ಸೇರ್ಪಡೆ ತೋರಿಸಿಕೊಡುತ್ತದೆ. ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡ್ ಶೇ. 99.9ಕ್ಕೂ ಹೆಚ್ಚು ಪಾಲು ಹೈಡ್ರೇಟ್ ರೂಪದಲ್ಲಿ, ಅಂದರೆ ಒಂದೇ ಇಂಗಾಲದ ಮೇಲೆ ಎರಡು ಹೈಡ್ರಾಕ್ಸಿಲ್ ಹೊತ್ತ ರೂಪದಲ್ಲಿ ಇರುತ್ತದೆ. ಅಸಿಟಾಲ್ಡಿಹೈಡಿನಲ್ಲಿ ಸರಿಸುಮಾರು ಅರ್ಧ ಪಾಲು ಹಾಗಿರುತ್ತದೆ, ಅಸಿಟೋನಿನಲ್ಲಿ ಸಾವಿರ ಅಣುಗಳಿಗೆ ಒಂದೆರಡು. ಮೀಥೈಲ್ ಗುಂಪುಗಳು ಇಲೆಕ್ಟ್ರಾನುಗಳನ್ನು ತುಸು ತಳ್ಳಿ ಕಾರ್ಬೊನೈಲ್ ಇಂಗಾಲದ ಕೊರತೆಯನ್ನು ತಗ್ಗಿಸುವುದು ಒಂದು ಕಾರಣ, ನ್ಯೂಕ್ಲಿಯೊಫೈಲ್ ಬರುವ ಜಾಗವನ್ನು ಇಕ್ಕಟ್ಟುಗೊಳಿಸುವುದು ಇನ್ನೊಂದು. ಆಲ್ಡಿಹೈಡುಗಳು ಕೀಟೋನುಗಳಿಗಿಂತ ಚುರುಕು ಎಂಬ ಪಠ್ಯದ ಸಾಲಿನ ಹಿಂದಿರುವುದು ಇದೇ. ಆಮ್ಲದಲ್ಲಿ ಹೈಡ್ರಾಕ್ಸಿಲಿನ ಆಮ್ಲಜನಕವು ತನ್ನ ಒಂಟಿ ಜೋಡಿಯನ್ನೇ ಕಾರ್ಬೊನೈಲಿಗೆ ಕೊಡುತ್ತದೆ. ಈ ಅನುರಣನದಿಂದ ಇಂಗಾಲದ ಕೊರತೆ ಬಹುಮಟ್ಟಿಗೆ ತುಂಬಿಹೋಗುತ್ತದೆ. ಆಮ್ಲ ಪ್ರೋಟಾನ್ ಕಳೆದುಕೊಂಡು ಕಾರ್ಬಾಕ್ಸಿಲೇಟ್ ಆದ ಮೇಲಂತೂ ಋಣ ಆವೇಶ ಎರಡು ಆಮ್ಲಜನಕಗಳ ಮೇಲೂ ಸಮನಾಗಿ ಹರಡಿ, ಎರಡು ಬಂಧಗಳ ಉದ್ದವೂ ಒಂದೇ ಆಗುತ್ತದೆ. ಅದನ್ನು ಸಾಮಾನ್ಯ ಅರ್ಥದ ಕಾರ್ಬೊನೈಲ್ ಎಂದು ಕರೆಯುವುದೇ ಕಷ್ಟ.

ಎರಡನೆಯ ಪ್ರಶ್ನೆಯೇ ಆಲ್ಡಿಹೈಡ್–ಕೀಟೋನುಗಳನ್ನು ಆಮ್ಲಗಳಿಂದ ಬೇರ್ಪಡಿಸುವ ಗೆರೆ. ಹೈಡ್ರೈಡ್ (ಋಣ ಆವೇಶ ಹೊತ್ತ ಹೈಡ್ರೋಜನ್) ಅಥವಾ ಆಲ್ಕೈಲ್ ಅಯಾನು ಬಹಳ ಪ್ರಬಲ ಪ್ರತ್ಯಾಮ್ಲವಾದ್ದರಿಂದ ಅದು ಇಂಗಾಲವನ್ನು ಬಿಟ್ಟುಹೋಗುವುದಿಲ್ಲ. ಹಾಗಾಗಿ ಆಲ್ಡಿಹೈಡ್, ಕೀಟೋನುಗಳಲ್ಲಿ ಬಂದದ್ದು ಸೇರಿಕೊಂಡೇ ಉಳಿಯುತ್ತದೆ, ಇಲ್ಲವೆ ಕಾರ್ಬೊನೈಲಿನ ಆಮ್ಲಜನಕವೇ ನೀರಾಗಿ ಹೊರಬಿದ್ದು ಇಮೈನ್, ಆಕ್ಸೈಮ್, ಹೈಡ್ರಜೋನುಗಳಾಗುತ್ತವೆ. 2,4-ಡಿಎನ್‌ಪಿ ಕೊಡುವ ಹಳದಿ ಅಥವಾ ಕಿತ್ತಳೆ ಬಣ್ಣದ ಪ್ರಕ್ಷೇಪ ಅಂಥ ಹೈಡ್ರಜೋನ್. ಆಮ್ಲದಲ್ಲಿ ಹೊರಹೋಗಲು ಹೈಡ್ರಾಕ್ಸಿಲ್ ಇರುವುದರಿಂದ, ಕ್ರಿಯೆ ನಡೆದರೂ ಅದು ಒಂದು ಗುಂಪಿನ ಜಾಗಕ್ಕೆ ಇನ್ನೊಂದು ಬರುವ ಪಲ್ಲಟವಾಗುತ್ತದೆಯೇ ಹೊರತು ಹೈಡ್ರಜೋನ್ ಆಗುವುದಿಲ್ಲ. ಅಸಿಟಿಕ್ ಆಮ್ಲ ಡಿಎನ್‌ಪಿಗೆ ಒಗ್ಗದಿರುವುದು ಅಪವಾದವೇನೂ ಅಲ್ಲ.

ಈ ಪಲ್ಲಟಕ್ಕೆ ಒಳ್ಳೆಯ ಸಾಕ್ಷಿ ಎಸ್ಟರೀಕರಣ. ಆಮ್ಲದ ಯಾವ ಆಮ್ಲಜನಕ ನೀರಾಗಿ ಹೋಗುತ್ತದೆ ಎಂಬುದನ್ನು 1938ರಲ್ಲಿ ರಾಬರ್ಟ್ಸ್ ಮತ್ತು ಯೂರಿ ಭಾರ ಆಮ್ಲಜನಕ-18 ಹೊಂದಿದ್ದ ಮೆಥನಾಲನ್ನು ಬೆಂಜೋಯಿಕ್ ಆಮ್ಲದೊಂದಿಗೆ ಬೆರೆಸಿ ಪರೀಕ್ಷಿಸಿದರು. ಭಾರ ಆಮ್ಲಜನಕ ಎಸ್ಟರಿನಲ್ಲಿ ಉಳಿಯಿತು, ನೀರಿಗೆ ಹೋಗಲಿಲ್ಲ. ಅಂದರೆ ಮುರಿದದ್ದು ಆಲ್ಕೊಹಾಲಿನ ಬಂಧವಲ್ಲ, ಆಮ್ಲದ ಇಂಗಾಲ ಮತ್ತು ಹೈಡ್ರಾಕ್ಸಿಲ್ ನಡುವಿನದು. ಅಸಿಟಿಕ್ ಆಮ್ಲ ಮತ್ತು ಎಥನಾಲನ್ನು ಸಮ ಮೋಲುಗಳಲ್ಲಿ ಬೆರೆಸಿದರೆ ಕ್ರಿಯೆ ಸುಮಾರು ಮೂರನೇ ಎರಡು ಪಾಲಿಗೆ ಬಂದು ಸಮತೋಲದಲ್ಲಿ ನಿಲ್ಲುತ್ತದೆ. ಸಲ್ಫ್ಯೂರಿಕ್ ಆಮ್ಲವನ್ನು ಎಷ್ಟು ಹನಿ ಹೆಚ್ಚು ಹಾಕಿದರೂ ಅದು ಸಮತೋಲವನ್ನು ಬೇಗ ತರುತ್ತದೆ, ನೀರನ್ನು ಹಿಡಿದಿಟ್ಟಷ್ಟರ ಮಟ್ಟಿಗೆ ಮಾತ್ರ ಮುಂದೆ ತಳ್ಳುತ್ತದೆ.

ಹೈಡ್ರೈಡ್ ಮತ್ತು ಇಂಗಾಲದ ಗುಂಪು ಬಿಟ್ಟುಹೋಗುವುದಿಲ್ಲ ಎಂದೆ. ಆದರೆ ಎರಡು ಪ್ರಸಿದ್ಧ ಕ್ರಿಯೆಗಳಲ್ಲಿ ಅವು ಬಿಟ್ಟುಹೋಗುತ್ತವೆ. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ಬಾಯಿಪಾಠ ಮಾಡಿ ಅತಿ ಕಡಿಮೆ ಅರ್ಥಮಾಡಿಕೊಳ್ಳುವ ಕ್ರಿಯೆಗಳೂ ಇವೇ ಎರಡು. ಮೊದಲನೆಯದು 1853ರಲ್ಲಿ ಸ್ತಾನಿಸ್ಲಾವೊ ಕನ್ನಿಝಾರೊ ವರದಿ ಮಾಡಿದ ಕ್ರಿಯೆ. ಸಾಂದ್ರ ಕ್ಷಾರದಲ್ಲಿ ಬೆಂಜಾಲ್ಡಿಹೈಡಿಗೆ ಹೈಡ್ರಾಕ್ಸೈಡ್ ಸೇರಿಕೊಂಡ ಮೇಲೆ, ಋಣ ಆವೇಶ ತುಂಬಿದ ಆ ಮಧ್ಯವರ್ತಿಯಿಂದ ಹೈಡ್ರೈಡ್ ನೇರವಾಗಿ ಇನ್ನೊಂದು ಬೆಂಜಾಲ್ಡಿಹೈಡ್ ಅಣುವಿನ ಕೈಗೆ ದಾಟುತ್ತದೆ. ಒಂದು ಅಣು ಆಮ್ಲದ ಲವಣವಾದರೆ ಇನ್ನೊಂದು ಬೆಂಜೈಲ್ ಆಲ್ಕೊಹಾಲ್ ಆಗುತ್ತದೆ. ಹೈಡ್ರೈಡ್ ಎಲ್ಲಿಯೂ ಬಿಡಿಯಾಗಿ ದ್ರಾವಣದಲ್ಲಿ ಓಡಾಡುವುದಿಲ್ಲ. ಭಾರಜಲದಲ್ಲಿ ಈ ಕ್ರಿಯೆ ನಡೆಸಿದಾಗ ಆಲ್ಕೊಹಾಲಿನ ಇಂಗಾಲದ ಮೇಲೆ ಡ್ಯುಟೀರಿಯಂ ಬರುವುದಿಲ್ಲವೆಂಬುದು ಇದಕ್ಕೆ ಪುರಾವೆ.

ಎರಡನೆಯದು ಅಯೊಡೋಫಾರ್ಮ್ ಕ್ರಿಯೆ. ಮೀಥೈಲ್ ಕೀಟೋನಿನ ಮೀಥೈಲ್ ಗುಂಪಿನ ಮೂರೂ ಹೈಡ್ರೋಜನುಗಳು ಕ್ಷಾರದಲ್ಲಿ ಒಂದೊಂದಾಗಿ ಕಳಚಿ ಅಯೊಡಿನಿಗೆ ಜಾಗ ಕೊಡುತ್ತವೆ. ಮೂರು ಅಯೊಡಿನ್ ಹೊತ್ತ ಇಂಗಾಲವು ಋಣ ಆವೇಶವನ್ನು ತಾಳಿಕೊಳ್ಳಬಲ್ಲದಾದ್ದರಿಂದ, ಹೈಡ್ರಾಕ್ಸೈಡ್ ಬಂದು ಸೇರಿದ ಕೂಡಲೇ ಅದು ಬಿಟ್ಟುಹೋಗಿ, ಪ್ರೋಟಾನ್ ಪಡೆದು, 119 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಹಳದಿ ಅಯೊಡೋಫಾರ್ಮ್ ಆಗಿ ಕೆಳಗಿಳಿಯುತ್ತದೆ. ಈಗ ಅಸಿಟಿಕ್ ಆಮ್ಲವನ್ನು ನೋಡಿ. ಕಾರ್ಬೊನೈಲಿಗೆ ಅಂಟಿದ ಮೀಥೈಲ್ ಅಲ್ಲಿಯೂ ಇದೆ. ಆದರೆ ಕ್ಷಾರ ಮೊದಲು ಕಸಿದುಕೊಳ್ಳುವುದು ಹೈಡ್ರಾಕ್ಸಿಲಿನ ಪ್ರೋಟಾನನ್ನು. ಉಳಿದ ಅಸಿಟೇಟ್ ಅಯಾನಿನ ಮೀಥೈಲಿನಿಂದ ಇನ್ನೊಂದು ಪ್ರೋಟಾನ್ ಕೀಳುವುದು ಸೋಡಿಯಂ ಹೈಡ್ರಾಕ್ಸೈಡಿನಿಂದ ಆಗದ ಕೆಲಸ. ಮೂರನೆಯ ಪ್ರಶ್ನೆಯ ಮಹತ್ವ ಇಲ್ಲಿದೆ. ಇಂಗಾಲ–ಮೆಗ್ನೀಸಿಯಂ ಬಂಧವುಳ್ಳ ಗ್ರಿನ್ಯಾರ್ಡ್ ಕಾರಕವನ್ನು ಆಮ್ಲಕ್ಕೆ ಹಾಕಿ ಆಲ್ಕೊಹಾಲನ್ನು ನಿರೀಕ್ಷಿಸುವವರು ಮರೆಯುವುದೂ ಇದನ್ನೇ: ಕಾರಕವು ಕಾರ್ಬೊನೈಲಿನ ಬಳಿ ಹೋಗುವ ಮೊದಲೇ ಪ್ರೋಟಾನ್ ಹೀರಿಕೊಂಡು ಹೈಡ್ರೊಕಾರ್ಬನ್ ಆಗಿ ಮುಗಿದುಹೋಗಿರುತ್ತದೆ.

ಇನ್ನು ನೀವು ಎಡವಿದ ಮಾದರಿಗಳಿಗೆ ಬರೋಣ. ಟಾಲೆನ್ಸ್ ಪರೀಕ್ಷೆಯಲ್ಲಿ ಉತ್ಕರ್ಷಣಗೊಳ್ಳಲು ಸಾಮಾನ್ಯವಾಗಿ ಕಾರ್ಬೊನೈಲ್ ಇಂಗಾಲದ ಮೇಲೆ ಒಂದು ಹೈಡ್ರೋಜನ್ ಬೇಕು. ಫಾರ್ಮಿಕ್ ಆಮ್ಲದ ರಚನೆಯನ್ನು ಬರೆದು ಹೈಡ್ರಾಕ್ಸಿಲನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಉಳಿಯುವುದು ಆಲ್ಡಿಹೈಡಿನ ಗುಂಪೇ. ಆ ಹೈಡ್ರೋಜನ್ ಬೇರೆ ಯಾವ ಕಾರ್ಬಾಕ್ಸಿಲಿಕ್ ಆಮ್ಲದಲ್ಲೂ ಇಲ್ಲ. ಅದು ಉತ್ಕರ್ಷಣಗೊಂಡು ಕಾರ್ಬೊನೇಟ್ ಆಗುತ್ತದೆ. ನೀವು ಅದೇ ಮಾದರಿಗೆ ಡಿಎನ್‌ಪಿ ಮತ್ತು ಸೋಡಿಯಂ ಬೈಕಾರ್ಬೊನೇಟ್ ಪರೀಕ್ಷೆಗಳನ್ನು ಮಾಡಿದ್ದರೆ ಮೊದಲನೆಯದು ವಿಫಲವಾಗಿ ಎರಡನೆಯದರಲ್ಲಿ ನೊರೆಗುಳ್ಳೆಗಳು ಎದ್ದಿರುತ್ತಿದ್ದವು. ಅಂದಹಾಗೆ, ಆಮ್ಲ ಮಾದರಿಯನ್ನು ಮೊದಲು ತಟಸ್ಥಗೊಳಿಸದೆ ಟಾಲೆನ್ಸ್ ಕಾರಕಕ್ಕೆ ಸುರಿದರೆ ಅದು ಅಮೋನಿಯಾವನ್ನು ಕಟ್ಟಿಹಾಕಿ ಬೆಳ್ಳಿಯ ಸಂಕೀರ್ಣವನ್ನೇ ಒಡೆದುಬಿಡುತ್ತದೆ. ಫಾರ್ಮಿಕ್ ಆಮ್ಲ ಕೆಲವರಿಗೆ ಕನ್ನಡಿ ಕೊಟ್ಟು ಕೆಲವರಿಗೆ ಕೊಡದಿರಲು ಸಾಮಾನ್ಯ ಕಾರಣ ಇದು.

ಬೆಂಜಾಲ್ಡಿಹೈಡಿನ ವಿಷಯದಲ್ಲಿ ಒಂದು ತಪ್ಪು ವಿವರಣೆ ಬಹಳ ಹರಡಿದೆ: ಅದರಲ್ಲಿ ಆಲ್ಫಾ ಹೈಡ್ರೋಜನ್ (ಕಾರ್ಬೊನೈಲಿನ ಪಕ್ಕದ ಇಂಗಾಲದ ಮೇಲಿನ ಹೈಡ್ರೋಜನ್) ಇಲ್ಲ, ಆದ್ದರಿಂದ ಫೆಹ್ಲಿಂಗ್ ದ್ರಾವಣವನ್ನು ಅಪಕರ್ಷಿಸದು ಎಂದು. ಆಲ್ಫಾ ಹೈಡ್ರೋಜನ್ ಇಲ್ಲದ ಫಾರ್ಮಾಲ್ಡಿಹೈಡ್ ಫೆಹ್ಲಿಂಗ್ ದ್ರಾವಣವನ್ನು ಸಲೀಸಾಗಿ ಅಪಕರ್ಷಿಸುವುದರಿಂದ ಈ ವಿವರಣೆ ಅಷ್ಟಕ್ಕೇ ನಿಲ್ಲಲಾರದು. ಬೆಂಜೀನ್ ಉಂಗುರವು ಕಾರ್ಬೊನೈಲಿನೊಂದಿಗೆ ಇಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದರಿಂದ ಅದಕ್ಕೆ ನೀರಾಗಲಿ ಹೈಡ್ರಾಕ್ಸೈಡಾಗಲಿ ಸೇರುವುದು ಕಷ್ಟವಾಗುತ್ತದೆ, ಮತ್ತು ಟಾರ್ಟ್ರೇಟಿನ ಹಿಡಿತದಲ್ಲಿರುವ ತಾಮ್ರವು ಬೆಳ್ಳಿಯ ಅಯಾನಿಗಿಂತ ದುರ್ಬಲ ಉತ್ಕರ್ಷಕ. ಟಾಲೆನ್ಸ್ ಕಾರಕದೊಂದಿಗೆ ಹದವಾಗಿ ಬಿಸಿಮಾಡಿದರೆ ಬೆಂಜಾಲ್ಡಿಹೈಡ್ ಕನ್ನಡಿ ಕೊಡುತ್ತದೆ. ಹಾಗಾಗಿ ಈ ಎರಡು ಪರೀಕ್ಷೆಗಳು ಒಂದಕ್ಕೊಂದು ಬದಲಿಯಲ್ಲ. ಒಂದು ಹೌದು, ಇನ್ನೊಂದು ಇಲ್ಲ ಎಂದಾಗ ಆ ವ್ಯತ್ಯಾಸವೇ ಆರೊಮ್ಯಾಟಿಕ್ ಆಲ್ಡಿಹೈಡಿನ ಸುಳಿವು. ಇನ್ನೊಂದು ಎಚ್ಚರವನ್ನೂ ಸೇರಿಸುತ್ತೇನೆ. ಬೆಂಜಾಲ್ಡಿಹೈಡ್ ಗಾಳಿಯಲ್ಲಿ ತಾನೇ ತಾನಾಗಿ ಬೆಂಜೋಯಿಕ್ ಆಮ್ಲವಾಗುತ್ತದೆ. ಹಳೆಯ ಬಾಟಲಿಯ ಕತ್ತಿನಲ್ಲಿ ಕಾಣುವ ಬಿಳಿ ಹರಳುಗಳು ಅವೇ. ಅಂಥ ಬಾಟಲಿಯ ಮಾದರಿ ಬೈಕಾರ್ಬೊನೇಟಿನೊಂದಿಗೆ ಗುಳ್ಳೆ ಎಬ್ಬಿಸಿ ನಿಮ್ಮನ್ನು ಆಮ್ಲದ ಕಡೆಗೆ ಎಳೆಯಬಹುದು.

ಫ್ರಕ್ಟೋಸಿನಲ್ಲಿ ಕೀಟೋನಿನ ಪಕ್ಕದ ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಇದೆ. ಟಾಲೆನ್ಸ್, ಫೆಹ್ಲಿಂಗ್ ಎರಡೂ ಕ್ಷಾರೀಯವಾದ್ದರಿಂದ ಆ ಮಾಧ್ಯಮದಲ್ಲಿ ಅದು ಈನ್‌ಡಯಾಲ್ (ದ್ವಿಬಂಧದ ಎರಡೂ ಇಂಗಾಲಗಳ ಮೇಲೆ ಹೈಡ್ರಾಕ್ಸಿಲ್ ಇರುವ) ರೂಪದ ಮೂಲಕ ಗ್ಲೂಕೋಸ್ ಮತ್ತು ಮ್ಯಾನೋಸ್ ಆಗಿ ಬದಲಾಗುತ್ತದೆ. ಆ ಈನ್‌ಡಯಾಲ್ ತಾನೂ ಸುಲಭವಾಗಿ ಉತ್ಕರ್ಷಣಗೊಳ್ಳುವಂಥದು. ಕ್ಷಾರವಿಲ್ಲದ ಬ್ರೋಮಿನ್ ನೀರನ್ನು ಬಳಸಿದರೆ ಈ ಮಾರ್ಪಾಡು ನಡೆಯದು, ಆಗ ಗ್ಲೂಕೋಸ್ ಬಣ್ಣ ಕಳೆಯುತ್ತದೆ, ಫ್ರಕ್ಟೋಸ್ ಕಳೆಯದು.

ಪರೀಕ್ಷೆಗಳ ಕ್ರಮದ ಬಗ್ಗೆ ನನ್ನ ಸಲಹೆ ಸರಳ. ಮೊದಲು ಬೈಕಾರ್ಬೊನೇಟ್, ಆಮೇಲೆ ಡಿಎನ್‌ಪಿ. ಡಿಎನ್‌ಪಿ ಪ್ರಕ್ಷೇಪ ಕೊಟ್ಟ ಮೇಲೆಯೇ ಟಾಲೆನ್ಸ್. ಅಸಿಟಿಕ್ ಆಮ್ಲದ ಪಿಕೆಎ (ಇದು ಕಡಿಮೆಯಾದಷ್ಟೂ ಆಮ್ಲ ಪ್ರಬಲ) 4.76, ಕಾರ್ಬಾನಿಕ್ ಆಮ್ಲದ್ದು ಸುಮಾರು 6.35, ಫಿನಾಲಿನದು ಸುಮಾರು 10. ಆದ್ದರಿಂದ ಬೈಕಾರ್ಬೊನೇಟಿನಿಂದ ಇಂಗಾಲದ ಡೈಆಕ್ಸೈಡನ್ನು ಹೊರಡಿಸುವ ಶಕ್ತಿ ಕಾರ್ಬಾಕ್ಸಿಲಿಕ್ ಆಮ್ಲಕ್ಕಿದೆ, ಸಾಮಾನ್ಯ ಫಿನಾಲಿಗಿಲ್ಲ. ಪಿಕ್ರಿಕ್ ಆಮ್ಲದಂಥ, ನೈಟ್ರೊ ಗುಂಪುಗಳು ತುಂಬಿದ ಫಿನಾಲುಗಳು ಇದಕ್ಕೆ ಹೊರತು. ಡಿಎನ್‌ಪಿಯಲ್ಲಿ ಬಣ್ಣವನ್ನಲ್ಲ, ಪ್ರಕ್ಷೇಪವನ್ನು ನೋಡಿ. ಕಾರಕದ ಬಣ್ಣವೇ ಕಿತ್ತಳೆ.

ಟಾಲೆನ್ಸ್ ಕಾರಕವನ್ನು ಮರುದಿನಕ್ಕೆ ಇಡಬಹುದೇ ಎಂಬುದಕ್ಕೆ ಉತ್ತರ ಇಡಬಾರದು ಎಂಬುದೇ, ಇದರಲ್ಲಿ ವಿನಾಯಿತಿ ಇಲ್ಲ. ಅಮೋನಿಯಾಯುಕ್ತ ಬೆಳ್ಳಿಯ ದ್ರಾವಣ ನಿಂತಷ್ಟು ಹೊತ್ತೂ ಅದರಲ್ಲಿ ಸಿಲ್ವರ್ ನೈಟ್ರೈಡ್ ಎಂಬ ಕಪ್ಪು ವಸ್ತು ಕೂಡಿಕೊಳ್ಳುತ್ತ ಹೋಗಬಹುದು. ಅದು ಒದ್ದೆಯಾಗಿದ್ದಾಗಲೂ, ಬರೀ ಅಲುಗಾಟಕ್ಕೂ ಸ್ಫೋಟಿಸಬಲ್ಲದು. ಬೇಕಾದಷ್ಟನ್ನು ಮಾತ್ರ, ಬೇಕಾದಾಗ, ಪ್ರನಾಳದಲ್ಲೇ ಮಾಡಿಕೊಳ್ಳಿ. ಬಿಸಿಮಾಡುವುದು ನೀರಿನ ತೊಟ್ಟಿಯಲ್ಲಿ, ಜ್ವಾಲೆಯ ಮೇಲಲ್ಲ. ಕೆಲಸ ಮುಗಿದ ಕೂಡಲೇ ಉಳಿದದ್ದಕ್ಕೆ ನೀರು ಬೆರೆಸಿ ತೆಳುಗೊಳಿಸಿದ ನೈಟ್ರಿಕ್ ಆಮ್ಲ ಸೇರಿಸಿ ಆಮ್ಲೀಯಗೊಳಿಸಿ ಬೆಳ್ಳಿಯ ತ್ಯಾಜ್ಯದ ಪಾತ್ರೆಗೆ ಸುರಿಯಿರಿ. ಯಾರೋ ಮರೆತು ಬಿಟ್ಟಿರುವ ಹಳೆಯ ಟಾಲೆನ್ಸ್ ಬಾಟಲಿ ಕಪಾಟಿನಲ್ಲಿ ಕಂಡರೆ ಅದನ್ನು ನೀವೇ ಎತ್ತದೆ, ಮುಚ್ಚಳ ತೆರೆಯದೆ, ಮೇಲ್ವಿಚಾರಕರಿಗೆ ತಿಳಿಸಿ.

ಕೊನೆಗೆ ನಿಮ್ಮ ಕೀಟೊ-ಆಮ್ಲ. ಕೀಟೋನನ್ನು ಮಾತ್ರ ಮೆಥಿಲೀನ್ ಗುಂಪಾಗಿಸಿ 4-ಫಿನೈಲ್‌ಬ್ಯುಟನೋಯಿಕ್ ಆಮ್ಲ ಪಡೆಯುವುದು ಸುಲಭದ ಭಾಗ, ಏಕೆಂದರೆ ಕಾರ್ಬಾಕ್ಸಿಲಿಕ್ ಆಮ್ಲದ ಜಡತ್ವವೇ ಇಲ್ಲಿ ನಿಮ್ಮ ರಕ್ಷಣೆ. ಕ್ಲೆಮೆನ್ಸನ್ ವಿಧಾನದಲ್ಲಿ ಸತುವಿನ ಅಮಾಲ್ಗಮ್ ಮತ್ತು ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲ, ವೂಲ್ಫ್–ಕಿಶ್ನರ್ ವಿಧಾನದಲ್ಲಿ ಹೈಡ್ರಜೀನ್ ಮತ್ತು ಬಿಸಿ ಕ್ಷಾರ. ಎರಡೂ ಈ ಅಣುವಿನ ಮೇಲೆ ನಡೆಯುತ್ತವೆ. ಎರಡನೆಯದರಲ್ಲಿ ಆಮ್ಲವು ಕಾರ್ಬಾಕ್ಸಿಲೇಟ್ ಆಗಿ ಸುಮ್ಮನೆ ಕುಳಿತಿರುತ್ತದೆ. ಅಣುವಿನಲ್ಲಿ ಆಮ್ಲಕ್ಕೆ ಒಡೆಯುವ ಗುಂಪಿದ್ದರೆ ವೂಲ್ಫ್–ಕಿಶ್ನರ್, ಕ್ಷಾರಕ್ಕೆ ಒಡೆಯುವ ಗುಂಪಿದ್ದರೆ ಕ್ಲೆಮೆನ್ಸನ್ ಎಂಬುದು ಪಠ್ಯದ ಸೂತ್ರ. ನಿಮ್ಮ ಅಣುವಿನಲ್ಲಿ ಎರಡೂ ಇಲ್ಲವಾದ್ದರಿಂದ ಆಯ್ಕೆ ಅಪಾಯದ ಲೆಕ್ಕಾಚಾರಕ್ಕೆ ಬಂದು ನಿಲ್ಲುತ್ತದೆ. ಮೊದಲನೆಯದರಲ್ಲಿ ಪಾದರಸದ ಲವಣಗಳ ವಿಷ ಮತ್ತು ಅದರ ವಿಲೇವಾರಿ. ಎರಡನೆಯದರಲ್ಲಿ ವಿಷಕಾರಿ ಹೈಡ್ರಜೀನ್, ಮತ್ತು 1946ರಲ್ಲಿ ಹುವಾಂಗ್ ಮಿನ್‌ಲಾನ್ ಸುಧಾರಿಸಿದ ರೂಪದಲ್ಲೂ ಸುಮಾರು 200 ಡಿಗ್ರಿಯ ಕಾವು. ನಿಮ್ಮ ಕೀಟೋನ್ ನೇರವಾಗಿ ಬೆಂಜೀನ್ ಉಂಗುರಕ್ಕೆ ಅಂಟಿಕೊಂಡಿರುವುದರಿಂದ ಮೂರನೆಯ ದಾರಿಯೊಂದಿದೆ: ಅಸಿಟಿಕ್ ಆಮ್ಲದಲ್ಲಿ, ಇದ್ದಿಲಿನ ಮೇಲೆ ಹರಡಿದ ಪೆಲೇಡಿಯಂ ಕ್ರಿಯಾವರ್ಧಕದೊಂದಿಗೆ ಹೈಡ್ರೋಜನ್ ಹಾಯಿಸುವುದು. ನಾನಾದರೆ ಇದನ್ನೇ ಆರಿಸುತ್ತೇನೆ. ಆದರೆ ಹೈಡ್ರೋಜನ್ ಹೀರಿದ ಪೆಲೇಡಿಯಂ ಗಾಳಿಗೆ ತೆರೆದುಕೊಂಡರೆ ದ್ರಾವಕಕ್ಕೆ ಬೆಂಕಿ ಹೊತ್ತಿಸಬಲ್ಲದು. ಸೋಸುವಾಗ ಕಾಗದದ ಮೇಲೆ ಅದು ಒಣಗಲು ಬಿಡಬಾರದು.

ಕೀಟೋನನ್ನು ಆಲ್ಕೊಹಾಲಿಗೆ ಮಾತ್ರ ಇಳಿಸಬೇಕಿದ್ದರೆ ಸೋಡಿಯಂ ಬೋರೊಹೈಡ್ರೈಡ್ ಸಾಕು, ಅದು ಆಮ್ಲವನ್ನು ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಎಂದರೆ ಅಪಕರ್ಷಿಸುವುದಿಲ್ಲ ಎಂದಷ್ಟೇ. ಆಮ್ಲದ ಪ್ರೋಟಾನಿನೊಂದಿಗೆ ಅದು ಹೈಡ್ರೋಜನ್ ಅನಿಲ ಬಿಟ್ಟು ಉಕ್ಕುತ್ತದೆ. ಆದ್ದರಿಂದ ಮೊದಲು ಆಮ್ಲವನ್ನು ಕ್ಷಾರದಿಂದ ಲವಣವಾಗಿಸಿ, ಆಮೇಲೆ ಬೋರೊಹೈಡ್ರೈಡನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಕೊನೆಯಲ್ಲಿ ದ್ರಾವಣವನ್ನು ಆಮ್ಲೀಯಗೊಳಿಸಿದಾಗ ನಾಲ್ಕನೆಯ ಇಂಗಾಲದ ಹೈಡ್ರಾಕ್ಸಿಲ್ ತನ್ನದೇ ಅಣುವಿನ ಆಮ್ಲದೊಂದಿಗೆ ಕೂಡಿ ಐದು ಪರಮಾಣುಗಳ ಉಂಗುರದ ಲ್ಯಾಕ್ಟೋನ್ ಆಗುವ ಸಂಭವ ಹೆಚ್ಚು. ಕರಗುವ ಬಿಂದು ನಿರೀಕ್ಷೆಗೆ ಹೊಂದದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಆಮ್ಲವನ್ನು ಮಾತ್ರ ಅಪಕರ್ಷಿಸಿ ಕೀಟೋನನ್ನು ಉಳಿಸುವುದು ನಿಜವಾಗಿ ಕಷ್ಟದ ಕೆಲಸ, ಏಕೆಂದರೆ ಇಬ್ಬರಲ್ಲಿ ಚುರುಕಾದವನನ್ನು ಬಿಟ್ಟು ಮಂದನನ್ನು ಮಾತ್ರ ಮಾತನಾಡಿಸಬೇಕಾಗಿದೆ. ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ಎರಡನ್ನೂ ಅಪಕರ್ಷಿಸುತ್ತದೆ. ಬೋರೇನ್ ಆಮ್ಲವನ್ನು ಮಾತ್ರ ಅಪಕರ್ಷಿಸುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ; ಅದು ಆಮ್ಲದೊಂದಿಗೆ ಹೆಚ್ಚು ವೇಗವಾಗಿ ವರ್ತಿಸುತ್ತದೆ, ಆದರೆ ಕೀಟೋನನ್ನೂ ಬಿಡುವುದಿಲ್ಲ. ತಣ್ಣಗಿನ ಸ್ಥಿತಿಯಲ್ಲಿ ಅಳತೆಮಾಡಿ ಹಾಕಿದರೆ ಒಂದಿಷ್ಟು ಆಯ್ಕೆ ಸಿಕ್ಕೀತು, ಮಿಶ್ರಣವನ್ನು ಬೇರ್ಪಡಿಸುವ ತಾಪತ್ರಯ ಮಾತ್ರ ತಪ್ಪದು. ಖಾತ್ರಿಯ ದಾರಿ ಉದ್ದದ್ದು: ಆಮ್ಲವನ್ನು ಮೊದಲು ಮೀಥೈಲ್ ಎಸ್ಟರ್ ಮಾಡಿ, ಕೀಟೋನನ್ನು ಎಥಿಲೀನ್ ಗ್ಲೈಕಾಲ್ ಮತ್ತು ಆಮ್ಲ ಕ್ರಿಯಾವರ್ಧಕದ ಸಹಾಯದಿಂದ, ಹುಟ್ಟುವ ನೀರನ್ನು ಹೊರತೆಗೆಯುತ್ತ, ಕೀಟಾಲ್ ಆಗಿ ಮರೆಮಾಡಿ, ಎಸ್ಟರನ್ನು ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡಿನಿಂದ ಆಲ್ಕೊಹಾಲಿಗೆ ಇಳಿಸಿ, ಕಡೆಗೆ ನೀರು ಬೆರೆಸಿ ತೆಳುಗೊಳಿಸಿದ ಆಮ್ಲದಿಂದ ಕೀಟಾಲನ್ನು ಬಿಡಿಸುವುದು. ಈ ಹೈಡ್ರೈಡ್ ನೀರಿನೊಂದಿಗೆ ಹಿಂಸಾತ್ಮಕವಾಗಿ ವರ್ತಿಸಿ ಹೈಡ್ರೋಜನ್ ಬಿಡುವುದರಿಂದ ಉಪಕರಣ, ದ್ರಾವಕವಾಗಿ ಬಳಸುವ ಈಥರ್ ಎರಡೂ ಸಂಪೂರ್ಣ ಒಣಗಿರಬೇಕು. ಕ್ರಿಯೆ ಮುಗಿದ ಮೇಲೆ ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು, ಬಳಸಿದ ಪ್ರತಿ 1 ಗ್ರಾಂ ಹೈಡ್ರೈಡಿಗೆ 1 ಮಿಲಿಲೀಟರ್ ನೀರು, 1 ಮಿಲಿಲೀಟರ್ ಶೇ. 15ರ ಸೋಡಿಯಂ ಹೈಡ್ರಾಕ್ಸೈಡ್, ಮತ್ತೆ 3 ಮಿಲಿಲೀಟರ್ ನೀರನ್ನು ಇದೇ ಕ್ರಮದಲ್ಲಿ, ತೊಟ್ಟುತೊಟ್ಟಾಗಿ ಹಾಕಿದರೆ ಅಲ್ಯೂಮಿನಿಯಂ ಲವಣಗಳು ಸೋಸಲು ಬರುವ ಪುಡಿಯಾಗಿ ಕೆಳಗಿಳಿಯುತ್ತವೆ. ಇದನ್ನು ಮೇಲ್ವಿಚಾರಕರಿಲ್ಲದೆ ಮೊದಲ ಬಾರಿಗೆ ಮಾಡಬೇಡಿ.

ಕೀಟಾಲನ್ನು ಬಿಡಿಸುವ ಕೊನೆಯ ಹಂತದಲ್ಲೂ ಅಣುವಿನ ತುದಿಯ ಹೊಸ ಹೈಡ್ರಾಕ್ಸಿಲ್ ತಿರುಗಿ ತನ್ನದೇ ಕೀಟೋನಿಗೆ ಸೇರಿ ಐದು ಪರಮಾಣುಗಳ ಉಂಗುರ ಕಟ್ಟಿಕೊಳ್ಳಬಹುದು, ಆಮ್ಲ ಹೆಚ್ಚಾದರೆ ನೀರು ಕಳೆದುಕೊಂಡು ಅಲ್ಲೇ ಉಳಿದುಬಿಡಬಹುದು. ಆಮ್ಲವನ್ನು ಕನಿಷ್ಠ ಪ್ರಮಾಣದಲ್ಲಿ ಬಳಸಿ, ಬಿಸಿಮಾಡದೆ, ಕ್ರಿಯೆ ಮುಗಿದ ತಕ್ಷಣ ಬೈಕಾರ್ಬೊನೇಟಿನಿಂದ ತಟಸ್ಥಗೊಳಿಸಿ. ಅವಕೆಂಪು ರೋಹಿತದಲ್ಲಿ ಬೆಂಜೀನ್ ಉಂಗುರಕ್ಕೆ ಅಂಟಿದ ಕೀಟೋನಿನ ಗೆರೆ ಪ್ರತಿ ಸೆಂಟಿಮೀಟರಿಗೆ 1685ರ (cm⁻¹) ಸುಮಾರಿಗೆ ಬಲವಾಗಿ ಕಂಡರೆ ಉಂಗುರ ತೆರೆದೇ ಇದೆ ಎಂದು ತಿಳಿಯಬಹುದು.